ಕಬ್ಬಿಣ ಹಿಡಿಯದ ಚುಂಬಕ

"ತುಸು ಸುಮ್ಮನಿರ್ರಿ ಫೌಜದಾರ್ರ! ಬೂಟಿನ ಸಪ್ಪಳಾನೂ ಬ್ಯಾಡ!"

ಎತ್ತಿದ ಕಾಲನ್ನು ಗುರಲಿಂಗಪ್ಪ ಫೌಜದಾರ ಮೆಲ್ಲಗೆ ನೆಲಕ್ಕಿಳಿಸಿದ. ಖಾಕಿ ತೊಟ್ಟಾಗಿನಿಂದ ಅವನನ್ನು ನಡುಬೀದಿಯಲ್ಲಿ ಹೀಗೆ ಗದರಿಸಿದವರು ಯಾರೂ ಇರಲಿಲ್ಲ. ಅದೂ ಒಬ್ಬ ಸಾಲಿಯ ಅಕ್ಕೋರು.

ಬಬಲೇಶ್ವರದಲ್ಲಿ ಬಸ್ಸು ನಿಲ್ಲುವ ಜಾಗದೆದುರು, ಗೈಬುಸಾಬನ ಚಹಾದಂಗಡಿಯ ಕಟ್ಟೆಯ ಮೇಲೆ ನೂರಜಹಾನ ನಿಂತಿದ್ದಳು. ಅಂಗೈಯಗಲದ ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಬಿಸಿಲು ನೆತ್ತಿಗೇರಿತ್ತು. ತಲೆಯ ಮೇಲಿನ ಸೆರಗು ಜಾರಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಧಾರವಾಡ ಕೇಂದ್ರದ ಹಾಡಿನ ಸಂದಿಯಲ್ಲಿ, ಗಡಿಗೆಯೊಳಗೆ ದುಂಬಿ ಸಿಕ್ಕಿಬಿದ್ದ ಹಾಗೆ ಒಂದು ಸದ್ದು. ಗುಂಯ್, ಗುಂಯ್. ತುಸು ತಡೆದು ಮತ್ತೆ ಗುಂಯ್, ಗುಂಯ್, ಗುಂಯ್.

ನೂರಜಹಾನ ಫೌಜದಾರನ ಕಡೆ ತಿರುಗಿದಳು.

"ಆಕೀನ ರೀ ಇಕಿ. ನಮ್ಮ ಪರಸವ್ವ. ಜೀವಂತ ಅದಾಳ!"

ಗುರುವಾರ ಟಿಕೋಟಾದ ಸಾಲಿಗೆ ಹೋದ ಹೊನವಾಡದ ಪರಸವ್ವ ಮನೆಗೆ ತಿರುಗಿ ಬಂದಿರಲಿಲ್ಲ. ಇವತ್ತು ಶನಿವಾರ.

ಹತ್ತನೇ ಇಯತ್ತೆಯ ಹುಡುಗಿ ಕಾಣೆಯಾದರೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಯಾರದೋ ಬೆನ್ನು ಹತ್ತಿ ಹೋದಳು ಅಂದರು ಕೆಲವರು. ಉಳಿದವರು ಬೆರಳು ತೋರಿಸಿದ್ದು ನೂರಜಹಾನಳ ಕಡೆಗೆ. ಹೆಣ್ಣುಮಕ್ಕಳ ಕೈಗೆ ಸೂಜಿ-ದಾರ ಕೊಡುವುದು ಬಿಟ್ಟು ತಂತಿ, ಸೆಲ್ಲು, ಬೆಸುಗೆ ಹಾಕುವ ಸೋಲ್ಡರಿನ ಕಡ್ಡಿ ಕೊಟ್ಟರೆ ತಲೆ ಕೆಡದೆ ಇರುತ್ತದೆಯೇ? ನಿನ್ನೆ ಪರಸವ್ವನ ತಾಯಿ ಮುರಿಗೆವ್ವ ಸಾಲಿಯ ಬಾಗಿಲಲ್ಲಿ ನಿಂತು ಮಣ್ಣು ತೂರಿ ಹೋಗಿದ್ದಳು. ಅದರ ಬೆನ್ನಿಗೇ ಬಂದ ಗುರಲಿಂಗಪ್ಪ ನೂರಜಹಾನಳ ರೇಡಿಯೋ ಕೋಣೆಗೆ ಕೀಲಿ ಜಡಿದು, ಕೀಲಿಕೈಯನ್ನು ತನ್ನ ಜೇಬಿಗೆ ಹಾಕಿಕೊಂಡಿದ್ದ.

"ಪರವಾನಗಿ ಇಲ್ಲದ ಯಂತ್ರ ಮಾಡ್ಸಾಕತ್ತೀರಿ ಅಂತ ಅರ್ಜಿ ಬಂದೈತ್ರಿ ಅಕ್ಕೋರ" ಅಂದಿದ್ದ. ಅರ್ಜಿಗೆ ಹೆಸರಿರಲಿಲ್ಲ.

ಕಳ್ಳಸಾಗಣೆಯವರನ್ನು ಹಿಡಿದು ಒಳಗೆ ಹಾಕುವ ಹೊಸ ಕಾಯ್ದೆ ಬಂದ ವರ್ಷ ಅದು. ಪೊಲೀಸರಿಗೆ ಯಾವ ಡಬ್ಬಿ ಕಂಡರೂ ಅನುಮಾನ.

ನೂರಜಹಾನ ಆ ಇಡೀ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಗೈಬುಸಾಬ ಬರದೆ ಹೋಗಿದ್ದರೆ ಇವತ್ತೂ ಅವಳು ಮುಚ್ಚಿದ ಕೋಣೆಯ ಮುಂದೆ ಕುಂತಿರುತ್ತಿದ್ದಳು.

ಗೈಬುಸಾಬ ತನ್ನ ದೊಡ್ಡ ರೇಡಿಯೋವನ್ನು ಕೂಸಿನ ಹಾಗೆ ಅರಿವೆಯಲ್ಲಿ ಸುತ್ತಿ ತಂದಿದ್ದ. "ಅಕ್ಕೋರ, ಇದಕ್ಕ ದೆವ್ವ ಬಡದೈತ್ರಿ. ನಿನ್ನಿಯಿಂದ ಹಾಡಿನ ನಡುವ ಗುಂಯ್ ಗುಂಯ್ ಅಂತೈತಿ. ಗಿರಾಕಿ ನಗಾಕತ್ತಾರ. ನಿಮ್ಮ ಹುಡುಗ್ರ ಕೈಲೆ ರಿಪೇರಿ ಮಾಡ್ಸಿಕೊಡ್ರಿ."

ಟಿಕೋಟಾದಲ್ಲಿ ರೇಡಿಯೋ ಹಚ್ಚಿದರೆ ದೆವ್ವವಿರಲಿಲ್ಲ, ಬರೀ ಹಾಡು. "ಹ್ಯಾಂಗ ಅಂತಿತ್ತು? ಬಡದು ತೋರ್ಸ್ರಿ" ಅಂದಳು ನೂರಜಹಾನ. ಗೈಬುಸಾಬ ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಬಡಿದ. ಮೊದಲು ಎರಡು, ತಡೆದು ಮೂರು.

ನೂರಜಹಾನ ಕುಂತಲ್ಲಿಂದ ಎದ್ದುಬಿಟ್ಟಿದ್ದಳು.

ಅದು ಅವಳ ತರಗತಿಯ ಆಟದ ಗುರುತು. ಒಬ್ಬರು ಪುಟ್ಟ ಪ್ರಸಾರ ಯಂತ್ರ ಹಿಡಿದು ಸಾಲಿಯ ಸುತ್ತಮುತ್ತ ಎಲ್ಲಾದರೂ ಅಡಗಿಕೊಳ್ಳಬೇಕು, ಉಳಿದವರು ಟ್ರಾನ್ಸಿಸ್ಟರ್ ಹಿಡಿದು ಹುಡುಕಬೇಕು. ಅಡಗಿದವರು ತಂತಿ ಮುಟ್ಟಿಸಿ ಮುಟ್ಟಿಸಿ ಮೊದಲು ಎರಡು, ಆಮೇಲೆ ಮೂರು ಸದ್ದು ಮಾಡಬೇಕು. ನಾ ಇಲ್ಲೆ ಅದೀನಿ, ಬಂದು ಹಿಡೀರಿ ಅಂತ ಅರ್ಥ.

ಆ ಗುರುತು ಟಿಕೋಟಾದ ಆ ಒಂದು ತರಗತಿಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅವಳು ನೇರ ಠಾಣೆಗೆ ಹೋಗಿ ಗುರಲಿಂಗಪ್ಪನನ್ನು ಜೀಪು ಹತ್ತಿಸಿ ಬಬಲೇಶ್ವರಕ್ಕೆ ಕರೆತಂದದ್ದು ಅದಕ್ಕೇ.

ಕಟ್ಟೆಯ ಮೇಲೆ ನಿಂತ ನೂರಜಹಾನ ಟ್ರಾನ್ಸಿಸ್ಟರನ್ನು ನಿಧಾನಕ್ಕೆ ತಿರುಗಿಸತೊಡಗಿದಳು. ಒಂದು ದಿಕ್ಕಿಗೆ ಸದ್ದು ದಪ್ಪಗಾಯಿತು. ಇನ್ನೊಂದು ಕಡೆ ತಿರುಗಿಸಿದರೆ ತೆಳುವಾಗಿ, ಪೂರ್ತಿ ಅಡಗಿಹೋಯಿತು. ಅಲ್ಲೇ ಕೈ ನಿಲ್ಲಿಸಿದಳು.

"ಸದ್ದ ಹೋತಲ್ರಿ?" ಅಂದ ಗುರಲಿಂಗಪ್ಪ.

"ಹೋಗಬೇಕು. ಇದರ ಹೊಟ್ಟ್ಯಾಗ ಒಂದು ಕರೀ ಕಡ್ಡಿ ಇರತೈತಿ. ಆ ಕಡ್ಡಿ ತುದಿ ಯಾವ ಕಡೆ ಇದ್ದಾಗ ಸದ್ದು ಸಾಯ್ತೈತೋ, ಹುಡುಗಿ ಆ ಗೆರಿ ಮ್ಯಾಲೆ ಎಲ್ಲೋ ಅದಾಳ."

"ಗೆರಿಗೆ ಎರಡು ತುದಿ ಇರ್ತಾವಲ್ರಿ. ಆಚೆಗೋ ಈಚೆಗೋ?"

ಪರವಾಗಿಲ್ಲ, ಫೌಜದಾರನ ತಲೆ ಓಡುತ್ತದೆ ಅಂದುಕೊಂಡಳು ನೂರಜಹಾನ. "ಅದಕ್ಕ ಇನ್ನೊಂದು ಜಾಗಾದಿಂದ ಇನ್ನೊಂದು ಗೆರಿ ಹಿಡೀಬೇಕು. ಎರಡೂ ಕೂಡಿದಲ್ಲಿ ಆಕಿ. ನಡೀರಿ, ಅಗಸಿಗೆ ಹೋಗೂಣು. ಆಕೀ ಸೆಲ್ಲು ಇಳ್ಯಾಕತ್ತೈತಿ, ಸದ್ದ ಸಣ್ಣ ಆಗಾಕತ್ತೈತಿ."

ಊರಬಾಗಿಲಿನ ಅಗಸಿಯ ಕೆಳಗೆ ನಿಂತು ಮತ್ತೆ ತಿರುಗಿಸಿದಳು. ಆಗಲೇ ಸದ್ದು ಕ್ಷೀಣವಾಗಿತ್ತು. ಎರಡು ಬಂತು. ಮೂರು ಬರಲಿಲ್ಲ. ನೂರಜಹಾನ ಉಸಿರು ಹಿಡಿದಳು. ಗುಂಯ್... ಅಂತ ಒಂದೇ ಒಂದು, ಮುಲುಕಿದ ಹಾಗೆ. ಅಷ್ಟು ಸಾಕಾಯಿತು. ಅವಳ ಕೈ ಊರಾಚೆಯ, ಹತ್ತಿ ತುಂಬಿಡುವ ಹಳೇ ವಖಾರಿಯ ಕಡೆಗೆ ನೆಟ್ಟು ನಿಂತಿತು.

"ಚಹಾದಂಗಡಿಯಿಂದ ಹಿಡಿದ ಗೆರಿನೂ ಅಲ್ಲಿಗೇ ಹೋಗ್ತೈತಿ ನೋಡ್ರಿ. ಇಷ್ಟು ದೂರ ಸದ್ದ ಮುಟ್ಟಬೇಕಂದ್ರ ತಗಡ ಬೇಕು, ತಗಡಿನ ಮಾಡ ಇರೂದು ಅದೊಂದಕ್ಕ."

ಗುರಲಿಂಗಪ್ಪ ಓಡತೊಡಗಿದ. ಅವನ ಹಿಂದೆ ಪೇದೆ ಬೀರಣ್ಣ. ಅವನ ಹಿಂದೆ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನೂರಜಹಾನ.

ವಖಾರಿಯಲ್ಲಿ ಎರಡು ಕೋಣೆ. ಒಂದರ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಇನ್ನೊಂದಕ್ಕೆ ಹೊರಗಿನಿಂದ ತೂಕದ ಕೀಲಿ. ಬೀರಣ್ಣ ಅಲ್ಲೇ ಬಿದ್ದಿದ್ದ ಗುದ್ದಲಿಯಿಂದ ಹೊಡೆದ ಏಟಿಗೆ ಕೀಲಿಯ ಜೊತೆ ಚೌಕಟ್ಟಿನ ತುಂಡೂ ಕಿತ್ತುಬಂತು.

ಕತ್ತಲು. ಹತ್ತಿಯ ಧೂಳು. ಮೂಲೆಯಲ್ಲಿ ಗೋಣಿಚೀಲದ ಮೇಲೆ ಮುದುಡಿ ಕುಂತ ಹುಡುಗಿ ತೊಡೆಯ ಮೇಲೆ ಬುತ್ತಿಯ ಡಬ್ಬಿ ಇಟ್ಟುಕೊಂಡು, ಎರಡು ತಂತಿಯ ತುದಿಗಳನ್ನು ಒಂದಕ್ಕೊಂದು ಮುಟ್ಟಿಸುತ್ತಲೇ ಇದ್ದಳು. ಬಾಗಿಲು ಮುರಿದದ್ದು ಗೊತ್ತಾದರೂ ಅವಳ ಬೆರಳು ನಿಲ್ಲಲಿಲ್ಲ.

"ಪರಸಾ! ಸಾಕವ್ವಾ, ಬಿಡು. ನಾ ಬಂದೀನಿ."

ಪರಸವ್ವ ತಲೆ ಎತ್ತಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದಳು. "ಅಕ್ಕೋರ, ಸೆಲ್ಲು ಸತ್ತೈತ್ರಿ. ನಿಮಗ ಕೇಳಿಸ್ತೋ ಇಲ್ಲೋ ಅಂತ..." ಅಂದವಳು ಮುಂದಿನದು ಹೇಳಲಾರದೆ ನೂರಜಹಾನಳ ಕೊರಳಿಗೆ ಬಿದ್ದು ಬಿಕ್ಕಿದಳು.

ನೂರಜಹಾನ ಅವಳ ತಲೆ, ಬೆನ್ನು, ತೋಳು ಮುಟ್ಟಿ ಮುಟ್ಟಿ ನೋಡಿದಳು. ಗಾಯವಿಲ್ಲ. ಜ್ವರವಿಲ್ಲ. ಎರಡು ದಿನದಿಂದ ಎದೆಯ ಮೇಲೆ ಕುಂತಿದ್ದ ಬೀಸುಗಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಅಳು ಬಂತು, ಅದರ ಜೊತೆಗೇ ನಗೆಯೂ ಬಂತು.

ಗುರಲಿಂಗಪ್ಪ ಬೆನ್ನು ತಿರುಗಿಸಿ ನಿಂತು ಮೂಗು ಸೀಟಿಕೊಂಡ. "ಧೂಳ ಭಾಳ ಐತಿ ಇಲ್ಲೆ" ಅಂದ.

ಆಮೇಲೆ ಡಬ್ಬಿ ಎತ್ತಿ ನೋಡಿದ. ಮೇಲೆ ಬುತ್ತಿಯ ಡಬ್ಬಿ, ಒಳಗೆ ತಂತಿಸುರುಳಿ. "ಇದನ್ನ ಕಸ್ಗೊಳ್ಳಿಲ್ಲೇನ ಅವ್ರು?"

"ಅವ್ರು ತಗದು ನೋಡಿದ್ರು ರೀ. ಮ್ಯಾಲಿನ ತಾಟಿನ್ಯಾಗ ರೊಟ್ಟಿ ಇತ್ತಲ್ರಿ, ತಿನ್ನು ಅಂತ ಬಿಟ್ಟು ಹೋದ್ರು." ಪರಸವ್ವನ ಮುಖದಲ್ಲಿ ಮೊದಲ ಸಲ ನಗೆ ಇಣುಕಿತು.

ಕಾರ್ಯಾನುಭವದ ತಾಸಿನಲ್ಲಿ ನೂರಜಹಾನ ಮಕ್ಕಳಿಗೆ ಮೊದಲಿಗೇ ತಂತಿ ಮುಟ್ಟಲು ಬಿಡುತ್ತಿರಲಿಲ್ಲ. 'ಇದು ಯಾರಿಗೆ ಬೇಕು, ಯಾಕ ಬೇಕು, ಅವರು ಇದನ್ನ ಎಲ್ಲಿ ಇಟ್ಕೋತಾರ, ಅಷ್ಟು ಮೊದಲು ಹೇಳ್ರಿ' ಅನ್ನುತ್ತಿದ್ದಳು. ಎಲ್ಲರೂ ಶೋಕಿಯ ಪೆಟ್ಟಿಗೆಯ ಚಿತ್ರ ಬರೆದರೆ ಪರಸವ್ವ ಬುತ್ತಿಡಬ್ಬಿ ಬರೆದಿದ್ದಳು. ಹೊಲದಲ್ಲಿ ಒಬ್ಬಳೇ ಕಾವಲು ಕೂಡುವ ಅಜ್ಜಿಗೆ ಮನೆಯವರನ್ನು ಕೂಗಿ ಕರೆಯುವಷ್ಟು ದನಿ ಇಲ್ಲ. ಬುತ್ತಿ ಹೇಗಿದ್ದರೂ ಜೊತೆಗಿರುತ್ತದೆ, ಅದರ ತಳದಲ್ಲೇ ಯಂತ್ರ ಇಟ್ಟರೆ? ಆ ಲೆಕ್ಕಾಚಾರವೇ ಈಗ ಅವಳ ಪ್ರಾಣ ಕಾದಿತ್ತು.

ಡಬ್ಬಿಯಿಂದ ಹೊರಟ ಇನ್ನೊಂದು ತಂತಿ ಗೋಡೆ ಹಿಡಿದು ಮೇಲೇರಿ, ತಗಡಿನ ಮಾಡಿನ ಮೊಳೆಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಅಷ್ಟು ಉದ್ದದ ತಗಡು ಸಿಕ್ಕಿದ್ದಕ್ಕೇ ಸದ್ದು ಗೈಬುಸಾಬನ ಅಂಗಡಿಯವರೆಗೆ ಮುಟ್ಟಿದ್ದು.

"ಯಾರವ್ವಾ ನಿನ್ನ ಇಲ್ಲಿ ತಂದು ಹಾಕಿದವ್ರು?" ಕೇಳಿದ ಗುರಲಿಂಗಪ್ಪ.

ಜೀಪಿನಲ್ಲಿ ನೀರು ಕುಡಿಯುತ್ತ ಪರಸವ್ವ ಹೇಳಿದಳು. ವಿಜಾಪುರದ ಗಾಂಧಿ ಚೌಕದ ರೇಡಿಯೋ ಅಂಗಡಿಯ ಅಮರಪ್ಪ ಸಾವ್ಕಾರ್ರು ಸಾಲಿಗೆ ಒಂದು ಚೀಲ ಕೆಟ್ಟ ರೇಡಿಯೋ ಕೊಟ್ಟಿದ್ದರಲ್ಲ, ಮಕ್ಕಳು ಬಿಚ್ಚಿ ಕಲಿಯಲಿ ಅಂತ? ಅದರಲ್ಲಿ ಒಂದು ಪರದೇಶದ ರೇಡಿಯೋ ಅವಳ ಪಾಲಿಗೆ ಬಂದಿತ್ತು. ಬಿಚ್ಚಿದಳು. ಸ್ಪೀಕರು ಹೊರತೆಗೆದಳು. ಕೈಗೆ ವಿಪರೀತ ಭಾರ. ಸ್ಪೀಕರಿನ ಹಿಂದಿನ ಚುಂಬಕಕ್ಕೆ ಸ್ಕ್ರೂ ಡ್ರೈವರ್ ಹಿಡಿದರೆ ಅಂಟಲೇ ಇಲ್ಲ.

"ಚುಂಬಕ ಆದಮ್ಯಾಲೆ ಕಬ್ಬಿಣ ಹಿಡೀಬೇಕಲ್ರಿ ಅಕ್ಕೋರ? ಹಿಡೀಲಿಲ್ಲ. ಉಗುರಲೆ ಕರೀ ಬಣ್ಣ ಕೆರದೆ. ಒಳಗ ಹಳದಿ. ಸಾವ್ಕಾರ್ರ ಬಂಗಾರ ಗೊತ್ತಿಲ್ಲದ ನಮ್ಮ ಚೀಲದಾಗ ಬಂದೈತಿ, ಪಾಪ, ಹೇಳಿ ಬರೂಣು ಅಂತ ಗುರುವಾರ ಸಾಲಿ ಬಿಟ್ಟ ಮ್ಯಾಲೆ ಗಾಂಧಿ ಚೌಕಕ್ಕ ಹೋದೆರಿ."

"ಅಯ್ಯ ಹುಚ್ಚಿ! ನನಗ ಯಾಕ ಹೇಳ್ಲಿಲ್ಲ?"

"ನೀವು ಅವತ್ತು ರಜಾ ಇದ್ರೆಲ್ರಿ."

ಅಂಗಡಿಯಲ್ಲಿ ಸಾವ್ಕಾರ ಇರಲಿಲ್ಲ. ಅಲ್ಲಿದ್ದ ಆಳುಗಳು, ಸಾವ್ಕಾರ್ರು ಬಬಲೇಶ್ವರದಾಗ ಅದಾರ, ಬಾ ಕರಕೊಂಡು ಹೋಗ್ತೀವಿ ಅಂತ ಗಾಡಿ ಹತ್ತಿಸಿದರು. ಇಳಿಸಿದ್ದು ವಖಾರಿಯಲ್ಲಿ. ಆಗಿನಿಂದ ಒಂದೇ ಪ್ರಶ್ನೆ: ಸ್ಪೀಕರ್ ಎಲ್ಲಿ? ಯಾಕೆಂದರೆ ಪರಸವ್ವ ಒಯ್ದದ್ದು ಸ್ಪೀಕರಿಲ್ಲದ ಖಾಲಿ ರೇಡಿಯೋ.

"ಹೇಳಿದೇನು?" ಅಂದ ಗುರಲಿಂಗಪ್ಪ.

"ಹೇಳಿದ್ರ ನನ್ನ ಏನ್ ಮಾಡ್ತಿದ್ರೋ ಅಂತ ಹೇಳ್ಲಿಲ್ರಿ. ನಮ್ಮ ರೇಡಿಯೋ ಕೋಣ್ಯಾಗ ಹಳೇ ಸ್ಪೀಕರಿನ ಡಬ್ಬದಾಗ ಒಗದೀನಿ. ಆದ್ರ ಇವತ್ತ ಮುಂಜಾನೆ ಅವರಾಗ ಒಬ್ಬಾಂವ ಅಂದಾ, ಸಾವ್ಕಾರ್ರು ತಾವ ಸಾಲಿಗೆ ಹೋಗಿ ಎಲ್ಲಾ ವಾಪಸ್ ತರ್ತಾರ, ಮಕ್ಕಳು ಮನಿಗೆ ಹೋದ ಮ್ಯಾಲೆ ಅಂತ."

ಗುರಲಿಂಗಪ್ಪನ ಕೈ ತನ್ನ ಜೇಬಿಗೆ ಹೋಯಿತು. ರೇಡಿಯೋ ಕೋಣೆಯ ಕೀಲಿಕೈ ಅಲ್ಲೇ ಇತ್ತು. "ನಿನ್ನೆ ನಾ ಕೀಲಿ ಹಾಕಿದ್ದು ಒಂದು ನಮೂನಿ ಛಲೋನ ಆತು" ಅಂದ, ತುಸು ನಾಚಿಕೆಯಿಂದ. ಆಮೇಲೆ ಚಾಲಕನ ಬೆನ್ನು ತಟ್ಟಿದ. "ಹೊಡಿ ಟಿಕೋಟಾಕ್ಕ!"

ಶನಿವಾರದ ಸಾಲಿ ಬಿಟ್ಟು ಅಂಗಳ ಬಿಕೋ ಅನ್ನುತ್ತಿತ್ತು. ಗುರಲಿಂಗಪ್ಪ ರೇಡಿಯೋ ಕೋಣೆಯ ಕೀಲಿ ತೆರೆದು, ಜೀಪನ್ನು ಊರ ಹಿಂದೆ ಬಿಡಿಸಿ, ಪರಸವ್ವ ಮತ್ತು ಬೀರಣ್ಣನ ಜೊತೆ ಪಕ್ಕದ ಆಟದ ಸಾಮಾನಿನ ಕೋಣೆ ಸೇರಿಕೊಂಡ. ನೂರಜಹಾನ ರೇಡಿಯೋ ಕೋಣೆಯ ಉದ್ದ ಮೇಜಿನ ಮೇಲೆ ಹಳೇ ಸ್ಪೀಕರುಗಳನ್ನೆಲ್ಲ ಸುರಿದಳು. ಎಲ್ಲವೂ ಕಪ್ಪು, ಎಲ್ಲಕ್ಕೂ ಧೂಳು. ಕೈಯಲ್ಲಿ ಎತ್ತಿ ನೋಡಿದಾಗ ಮಾತ್ರ ಒಂದು ಬೇರೆ. ಪರಸವ್ವ ಕೆರೆದ ಜಾಗ ಕಾಣದಂತೆ ಅದನ್ನು ಎರಡರ ನಡುವೆ ಕವುಚಿ ಇಟ್ಟಳು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಕಾರು ನಿಂತ ಸದ್ದು.

ಅಮರಪ್ಪ ಸಾವ್ಕಾರ ಬಿಳೀ ಧೋತರ, ಬಿಳೀ ಟೋಪಿ, ಬಾಯಿ ತುಂಬ ನಗೆ ಹೊತ್ತು ಒಳಗೆ ಬಂದ. ವಿಜಾಪುರದಲ್ಲಿ ಅವನಿಂದ ದೇಣಿಗೆ ಪಡೆಯದ ಸಾಲಿ ಇರಲಿಲ್ಲ.

"ಅಕ್ಕೋರ, ಹುಡುಗೀದು ಕೇಳಿ ಭಾಳ ಕೆಟ್ಟ ಅನಿಸ್ತು ನೋಡ್ರಿ. ದೇವರು ಕಾಯ್ತಾನ. ಸಿಗ್ತಾಳ."

"ನಿಮ್ಮ ಬಾಯಿ ಹರಕಿ ಫಲಿಸ್ಲಿ ಸಾವ್ಕಾರ್ರ. ಬರ್ರಿ, ಕೂಡ್ರಿ."

"ಕೂಡೂ ಟೈಮಿಲ್ಲ. ನಾ ಕೊಟ್ಟ ಹಳೇ ಮಾಲು ನೋಡ್ರಿ, ಭಾಳ ಕೆಟ್ಟವು. ಮಕ್ಕಳು ಶಾಕ್ ಹೊಡಸ್ಕೊಂಡ್ರ ನನ್ನ ಹೆಸರ ಕೆಡತೈತಿ. ಎಲ್ಲಾ ವಾಪಸ್ ಒಯ್ತೀನಿ. ಹೊಸಾ ಸ್ಪೀಕರ್ ಒಂದು ಪೆಟಗಿ ತಂದೀನಿ, ಕಾರಿನ್ಯಾಗ ಅವ."

"ಎಂಥಾ ದೊಡ್ಡ ಮನಸ್ರಿ ನಿಮ್ದು!" ನೂರಜಹಾನ ಮೇಜಿನ ಕಡೆ ಕೈ ಮಾಡಿದಳು. "ಆದ್ರ ಇದ್ರಾಗ ಬ್ಯಾರೆಯವರು ಕೊಟ್ಟವೂ ಕೂಡ್ಯಾವ್ರಿ. ನಿಮ್ಮವು ಯಾವು ಅಂತ ನೀವ ಆರಿಸ್ಕೊಳ್ರಿ."

ಅಮರಪ್ಪನ ನಗೆ ತುಸು ನಿಂತಿತು. ಸಾಲು ನೋಡಿದ. ಒಂದು ಎತ್ತಿದ, ಇಟ್ಟ. ಇನ್ನೊಂದು ಎತ್ತಿದ, ಇಟ್ಟ. ಕಣ್ಣಿನಿಂದ ಯಾವ ಗುರುತೂ ಸಿಗದು. ಕೈ ಮಾತ್ರ ತೂಕ ನೋಡುತ್ತಿತ್ತು. ಅವನ ಮೇಲ್ದುಟಿಯ ಮೇಲೆ ಬೆವರು ಮೂಡಿದ್ದನ್ನು ನೂರಜಹಾನ ಕಂಡಳು.

ನಡುವಿನದನ್ನು ಎತ್ತಿದ. ಕೈ ಅಲ್ಲೇ ನಿಂತಿತು. ಅದನ್ನು ಕೆಳಗಿಡಲಿಲ್ಲ.

"ಇದು ನಮ್ದು."

"ಅದೊಂದ ಯಾಕ್ರಿ? ಚೀಲಗಟ್ಲೆ ಕೊಟ್ಟೀರಲ್ಲ."

"ಇದು... ಛಲೋ ಐತಿ. ರಿಪೇರಿಗೆ ಬರತೈತಿ."

"ಛಲೋ ಇದ್ರ ಚುಂಬಕ ಕಬ್ಬಿಣ ಹಿಡೀಬೇಕು. ನಮ್ಮ ತರಗತಿಯೊಳಗ ಇದ ಮೊದಲ್ನೇ ಪಾಠ." ನೂರಜಹಾನ ಸ್ಕ್ರೂ ಡ್ರೈವರ್ ತೆಗೆದು ಬೇರೊಂದು ಸ್ಪೀಕರಿಗೆ ಮುಟ್ಟಿಸಿದಳು. ಟಕ್ಕನೆ ಅಂಟಿಕೊಂಡು ನೇತಾಡಿತು. ಇನ್ನೊಂದಕ್ಕೆ ಮುಟ್ಟಿಸಿದಳು. ಅದಕ್ಕೂ ಅಂಟಿತು. "ಈಗ ನಿಮ್ಮ ಕೈಯಾಗಿಂದು ಕೊಡ್ರಿ."

ಅಮರಪ್ಪ ಕೊಡಲಿಲ್ಲ. ನೂರಜಹಾನಳೇ ಕೈ ಚಾಚಿ ಅದರ ಬೆನ್ನಿಗೆ ಸ್ಕ್ರೂ ಡ್ರೈವರ್ ಮುಟ್ಟಿಸಿ ಬಿಟ್ಟಳು. ಸ್ಕ್ರೂ ಡ್ರೈವರ್ ಜಾರಿ, ಫರಶಿ ನೆಲದ ಮೇಲೆ ಖಣ್ಣನೆ ಬಿತ್ತು.

"ಏನ್ರಿ ಇದು ಸಾವ್ಕಾರ್ರ?"

"ಕೆಟ್ಟಿರಬೇಕು" ಅಂದ ಅಮರಪ್ಪ. ದನಿ ಬದಲಾಗಿತ್ತು. ನಗೆ ಎಲ್ಲಿಯೂ ಇರಲಿಲ್ಲ. "ನೋಡ್ರಿ ಅಕ್ಕೋರ, ನೀವು ಸಣ್ಣ ಸಂಬಳದವ್ರು. ಮನ್ಯಾಗ ವಯಸ್ಸಾದ ತಾಯಿ ಅದಾಳ. ಊರು ಈಗಾಗ್ಲೆ ನಿಮ್ಮ ಮ್ಯಾಲೆ ಕಣ್ಣಿಟ್ಟೈತಿ. ಒಂದು ಅರ್ಜಿಗೇ ಕೋಣಿಗೆ ಕೀಲಿ ಬಿತ್ತು. ಇನ್ನೊಂದು ಬಂದ್ರ ನೌಕರಿ ಹೋಗತೈತಿ."

"ಆ ಅರ್ಜಿ ನೀವ ಕೊಟ್ಟಿದ್ರೇನು?"

"ಯಾರರ ಕೊಟ್ಟಿರ್ಲಿ. ಇದು ನನ್ನ ಕೂಡ ಬರತೈತಿ. ನೀವು ಏನೂ ನೋಡಿಲ್ಲ."

ನೂರಜಹಾನ ಬಾಗಿಲಿಗೆ ಅಡ್ಡ ನಿಂತಳು. "ನಾ ನೋಡಿಲ್ಲ ಅಂತ ಹೇಳಬಹುದು ಸಾವ್ಕಾರ್ರ. ನೋಡಿದಾಕಿ ಬ್ಯಾರೇನ ಅದಾಳ. ಪರಸಾ, ಬಾರವ್ವಾ!"

ಪಕ್ಕದ ಬಾಗಿಲು ತೆರೆಯಿತು. ಕೂದಲಿಗೆ ಇನ್ನೂ ಹತ್ತಿ ಅಂಟಿಸಿಕೊಂಡೇ ಪರಸವ್ವ ಹೊರಬಂದಳು. ಅವಳ ಹಿಂದೆ ಗುರಲಿಂಗಪ್ಪ.

ಅಮರಪ್ಪನ ಕೈಯಿಂದ ಸ್ಪೀಕರ್ ಜಾರಿತು. ಬೀರಣ್ಣ ಅದನ್ನು ಎತ್ತಿಕೊಂಡ. ಫರಶಿಗೆ ಬಿದ್ದಲ್ಲಿ ಕಪ್ಪು ಎದ್ದುಹೋಗಿ ಹಳದಿ ಮಿಂಚುತ್ತಿತ್ತು.

"ನಾ ಹುಡುಗಿ ಮೈ ಮುಟ್ಟಿಲ್ರಿ ಫೌಜದಾರ್ರ" ಅಮರಪ್ಪ ಬೆಂಚಿನ ಮೇಲೆ ಕುಸಿದ. "ಹೊತ್ತಿಗೆ ಸರಿಯಾಗಿ ಊಟ ಕಳಿಸೀನಿ. ಸ್ಪೀಕರ್ ಸಿಕ್ಕ ಕೂಡ್ಲೆ ಬಿಟ್ಟುಬಿಡ್ರಿ ಅಂತ ಹೇಳಿದ್ದೆ."

"ಈ ಬಂಗಾರಕ್ಕ ಚುಂಬಕದ ವೇಷ ಹಾಕಾಂವ ಯಾರು?"

"ನಾ ಬರೇ ಅಂಗಡಿಯಾಂವ. ಮುಂಬೈಯಿಂದ ಬರತೈತಿ, ಮುಂದ ಹೋಗತೈತಿ. ನಮ್ಮ ಆಳ ಒಂದು ರೇಡಿಯೋ ತಪ್ಪಿ ಸಾಲಿ ಚೀಲಕ್ಕ ಹಾಕಿದ, ಅಷ್ಟ. ಮಾಡಾಂವ ಬ್ಯಾರೆ ಅದಾನ."

"ಹೆಸರು?"

ಅಮರಪ್ಪ ತಲೆ ಎತ್ತಿ ನೂರಜಹಾನಳ ಮುಖವನ್ನೇ ನೋಡಿದ. "ಹೇಳಿದ್ರ ನಾ ಉಳ್ಯಾಂಗಿಲ್ಲ" ಅಂದ.

ಅವನನ್ನು ಜೀಪಿಗೆ ಹತ್ತಿಸಿ ಬಂದ ಗುರಲಿಂಗಪ್ಪ ಜೇಬಿನಿಂದ ಕೀಲಿಕೈ ತೆಗೆದು ನೂರಜಹಾನಳ ಮುಂದಿಟ್ಟ. "ಸೋಮವಾರದಿಂದ ತರಗತಿ ಸುರು ಮಾಡ್ರಿ ಅಕ್ಕೋರ. ಪರವಾನಗೀದು ನಾ ಬರದು ಕೇಳ್ತೀನಿ. ನನ್ನ ಮಗಳು ಬರೋ ವರ್ಷ ಎಂಟನೇತ್ತಿಗೆ. ಜಾಗಾ ಇಟ್ಟಿರ್ರಿ."

ಹೊನವಾಡ ಮುಟ್ಟಿದಾಗ ದನ ತಿರುಗಿ ಬರುವ ಹೊತ್ತು. ಬಸ್ಸಿನಿಂದ ಮಗಳು ಇಳಿದದ್ದೇ ತಡ, ಮುರಿಗೆವ್ವ ಅಂಗಳದಿಂದ ಓಡಿ ಬಂದವಳು ಮೊದಲು ಒಂದು ಏಟು ಹಾಕಿದಳು, ಆಮೇಲೆ ಅಪ್ಪಿಕೊಂಡು ಊರೇ ಕೇಳುವಂತೆ ಅತ್ತಳು. ನೂರಜಹಾನ ದೂರದಲ್ಲೇ ನಿಂತಿದ್ದಳು. ನಿನ್ನೆಯ ಮಣ್ಣು ಇನ್ನೂ ನೆನಪಿತ್ತು.

ಮುರಿಗೆವ್ವ ಕಣ್ಣು ಒರೆಸಿಕೊಂಡು ಅವಳ ಕಡೆ ತಿರುಗಿದಳು. "ಅಲ್ಲೇ ಯಾಕ ನಿಂತೀ ಬೇ? ಒಳಗ ಬಾ. ಮುಖಾ ನೋಡಿದ್ರ ಎರಡು ದಿನದಿಂದ ಕೂಳ ಕಂಡಾಂಗಿಲ್ಲ."

ಕ್ಷಮೆ ಕೇಳುವ ರೀತಿ ಒಬ್ಬೊಬ್ಬರದು ಒಂದೊಂದು. ಮುರಿಗೆವ್ವ ಬಿಸಿ ಬಿಸಿ ರೊಟ್ಟಿ ಬಡಿದಳು, ಶೇಂಗಾ ಚಟ್ನಿಪುಡಿಯ ಹಿಂಡಿ ಹಾಕಿದಳು, ಬೆಣ್ಣೆಯ ಮುದ್ದೆ ಇಟ್ಟಳು. ಸಾಕು ಅಂದರೆ ಕೇಳಲಿಲ್ಲ. ಎದುರಿಗೇ ಕುಂತು, "ನಾ ಹೇಳಬಾರದ್ದು ಹೇಳೀನಿ, ನೀ ಅದನ್ನ ಹೊಟ್ಟ್ಯಾಗ ಇಟ್ಕೋಬ್ಯಾಡ" ಅಂದಳು ಕೊನೆಗೆ. "ಹೊಟ್ಟ್ಯಾಗ ಜಾಗಾನ ಎಲ್ಲಿ ಐತ್ರಿ ಅವ್ವಾರ, ಬರೇ ರೊಟ್ಟಿ ಐತಿ" ಅಂದಳು ನೂರಜಹಾನ. ಮೂವರೂ ನಕ್ಕರು. ಎಷ್ಟೋ ವರ್ಷದಿಂದ ಅಷ್ಟು ಹಗುರಾಗಿ ನಕ್ಕ ನೆನಪು ಅವಳಿಗಿರಲಿಲ್ಲ.

ಮುರಿಗೆವ್ವ ಮಜ್ಜಿಗೆ ತರಲು ಒಳಗೆ ಹೋದಳು. ಪರಸವ್ವ ಹತ್ತಿರ ಸರಿದು ಕುಂತಳು.

"ಅಕ್ಕೋರ, ಫೌಜದಾರ್ರ ಮುಂದ ಒಂದು ಮಾತು ಹೇಳಿಲ್ರಿ."

"ಏನವ್ವಾ?"

"ಆ ತಂತಿ ತಗಡಿಗೆ ಸುತ್ತಂತ ನನಗ ಹೊಳದಿರ್ಲಿಲ್ರಿ. ಗೋಡಿ ಆಚಿ ಕೋಣ್ಯಾಗ ಒಬ್ರು ಇದ್ರು. ಗೋಡ್ಯಾಗ ಸಣ್ಣ ಕಿಂಡಿ ಇತ್ತು. ಆ ಕಡೆಯಿಂದ ಸೋಲ್ಡರಿನ ವಾಸನಿ, ಬಣ್ಣದ ವಾಸನಿ ಬರ್ತಿತ್ತು. ನಾ ತಂತಿ ಕೂಡ್ಸೂ ಸದ್ದ ಕೇಳಿ, 'ತಗಡಿಗೆ ಸುತ್ತು, ದೂರ ಹೋಗತೈತಿ' ಅಂತ ಪಿಸಿಪಿಸಿ ಹೇಳಿದ್ರು."

ನೂರಜಹಾನ ಗಡಿಬಿಡಿಯಿಂದ ಅವಳ ಕೈ ಹಿಡಿದಳು. "ಮತ್ತೊಬ್ರನ್ನೂ ಅಲ್ಲಿ ಕೂಡಿಹಾಕಿದ್ರೇನು? ನಾವು ಹೋದಾಗ ಆ ಕೋಣಿ ಖಾಲಿ ಇತ್ತಲ್ಲ!"

"ಮುಂಜಾನೆ ಹ್ವಾದ್ರು. ಅದಕ್ಕೂ ಮದಲ ನಿನಗ ಇದನ್ನ ಕಲಿಸಿದವ್ರು ಯಾರು ಅಂತ ಕೇಳಿದ್ರು. ನಿಮ್ಮ ಹೆಸರ ಹೇಳ್ದೆ. ಆಮ್ಯಾಲೆ, 'ನೂರಿ ಸೋಲ್ಡರ್ ಹಾಕೂ ಮುಂದ ಇನ್ನೂ ನಾಲಗಿ ಹೊರಗ ಹಾಕ್ತಾಳೇನು?' ಅಂದ್ರು."

ನೂರಜಹಾನ ಹಿಡಿದಿದ್ದ ಕೈ ಬಿಟ್ಟಳು.

ನೂರಿ ಅಂತ ಅವಳನ್ನು ಕರೆಯುತ್ತಿದ್ದವನು ಒಬ್ಬನೇ. ಅಣ್ಣ ದಾದಾಸಾಬ. ಅವಳಿಗೆ ರೇಡಿಯೋ ಬಿಚ್ಚಲು ಕಲಿಸಿದವನು. ಕೆಲಸಕ್ಕೆಂದು ಮುಂಬೈಗೆ ಹೋದವನು ದೋಣಿ ಮುಳುಗಿ ಸತ್ತನೆಂದು ಸುದ್ದಿ ಬಂದು, ಅಮ್ಮ ಮಾಶಾಬಿ ಅವನ ಹೆಸರಿನಲ್ಲಿ ಫಾತಿಹಾ ಓದಿಸಿ ವರ್ಷಗಳೇ ಆಗಿದ್ದವು.

ಅಣ್ಣ ಬದುಕಿದ್ದಾನೆ! ಅಂಗಳದಲ್ಲಿ ನಿಂತು ಕೂಗಿಬಿಡಬೇಕು ಅನ್ನಿಸಿತು ಅವಳಿಗೆ. ಈಗಿಂದೀಗಲೇ ಓಡಿಹೋಗಿ ಅಮ್ಮನಿಗೆ ಹೇಳಬೇಕು.

"ಪರಸಾ, ಅವ್ರನ್ನ ಎತ್ತಾಗ ಒಯ್ದ್ರು? ಯಾರು ಒಯ್ದ್ರು? ಕೈ ಕಟ್ಟಿದ್ರೇನು?"

ಪರಸವ್ವ ತಾಯಿ ಹೋದ ಬಾಗಿಲ ಕಡೆ ಒಮ್ಮೆ ನೋಡಿದಳು. ದನಿ ಇನ್ನೂ ತಗ್ಗಿಸಿದಳು.

"ಅವ್ರನ್ನ ಯಾರೂ ಒಯ್ಲಿಲ್ರಿ ಅಕ್ಕೋರ. ತಾವ ಎದ್ದು ಹ್ವಾದ್ರು, ಕಿಂಡ್ಯಾಗಿಂದ ನೋಡೀನಿ. ಆ ಕೋಣಿ ಚಿಲಕ ಒಳಗಿಂದ ಇತ್ರಿ."